ಓದುಗರ ಪ್ರಶ್ನೆ, ಬಲ್ಲವರ ಉತ್ತರ: ನಗರದ ವಲಸಿಗರ ಕಚೇರಿ ನಡೆಸುವುದು ಹೇಗೆ?

ಅಮೆರಿಕದ ಹಲವು ನಗರಗಳಲ್ಲಿ ವಲಸಿಗರಿಗಾಗಿಯೇ ಒಂದು ಸರ್ಕಾರಿ ಕಚೇರಿ ಇದೆ. ಇಂಗ್ಲಿಷ್ ಬಾರದವರಿಗೂ ನಗರದ ಸೇವೆಗಳು ಅವರವರ ಭಾಷೆಯಲ್ಲಿ ಸಿಗುವಂತೆ ನೋಡಿಕೊಳ್ಳುವುದು ಅದರ ಹೊಣೆ. ಅಂಥ ಕಚೇರಿಗಳಲ್ಲಿ ದುಡಿಯುವವರು, ದುಡಿಯಲು ಹೊರಟವರು ಮತ್ತು ಅವುಗಳ ಬಾಗಿಲಿಗೆ ಹೋಗಿ ಬಂದವರು ಕೇಳಿದ ಪ್ರಶ್ನೆಗಳಿಗೆ ಈ ಬಾರಿಯ ಪುಟಗಳು ಮೀಸಲು.

ಪ್ರಶ್ನೆ: ಮಧ್ಯಮ ಗಾತ್ರದ ನಗರವೊಂದರಲ್ಲಿ ಈ ಕಚೇರಿಯ ನಿರ್ದೇಶಕಿಯಾಗಿ ಸೇರಿದ್ದೇನೆ. ಸಿಬ್ಬಂದಿ ನಾಲ್ವರು. ಸೇರಿದ ದಿನದಿಂದಲೂ ಬೇರೆ ಇಲಾಖೆಯವರು ‘ಇದನ್ನು ಸ್ಪ್ಯಾನಿಷ್‌ಗೆ ಮಾಡಿಕೊಡಿ, ಅದನ್ನು ಅರೇಬಿಕ್‌ಗೆ ಮಾಡಿಕೊಡಿ’ ಎಂದು ಕಾಗದ ಕಳಿಸುತ್ತಲೇ ಇದ್ದಾರೆ. ಮೊದಲ ಮೂರು ತಿಂಗಳಲ್ಲಿ ಏನು ಮಾಡಲಿ?

ಉತ್ತರ: ಆ ಕಾಗದಗಳನ್ನು ನಿಮ್ಮ ಕಚೇರಿಯಲ್ಲೇ ಕೂತು ಅನುವಾದಿಸುವುದನ್ನು ಮೊದಲು ನಿಲ್ಲಿಸಬೇಕು. ನಾಲ್ವರಿಂದ ಇಡೀ ನಗರದ ಅನುವಾದ ಆಗದು. ಆದರೂ ಆ ಕೆಲಸ ಒಪ್ಪಿಕೊಂಡರೆ, ಇಂಗ್ಲಿಷ್ ಬಾರದವರನ್ನು ನೋಡಿಕೊಳ್ಳುವುದು ನಿಮ್ಮೊಬ್ಬರ ಕೆಲಸ ಎಂದು ಉಳಿದ ಇಲಾಖೆಗಳು ನಿಶ್ಚಿಂತೆಯಿಂದ ಇದ್ದುಬಿಡುತ್ತವೆ. ನೀರಿನ ಬಿಲ್ಲಿನ ಕೌಂಟರಿಗೆ ಬಂದ ಹೆಂಗಸು ನೀರಿನ ಇಲಾಖೆಯ ಗ್ರಾಹಕಿ. ಅವರ ಜೊತೆ ಮಾತಾಡುವ ಹೊಣೆಯೂ ಖರ್ಚೂ ಆ ಇಲಾಖೆಯದೇ. ನಿಯಮ ಮಾಡುವುದು, ತರಬೇತಿ ಕೊಡುವುದು, ಗುತ್ತಿಗೆ ಕುದುರಿಸುವುದು, ನಡೆಯುತ್ತಿದೆಯೇ ಎಂದು ಅಳೆಯುವುದು ನಿಮ್ಮ ಕಚೇರಿಯ ಕೆಲಸ.

ಮೊದಲ ತಿಂಗಳು ಕೌಂಟರುಗಳಲ್ಲಿ ಕಳೆಯಿರಿ. ನೀರಿನ ಬಿಲ್ಲು, ಕಟ್ಟಡ ಪರವಾನಗಿ, ಆರೋಗ್ಯ ಇಲಾಖೆ, ಪೊಲೀಸ್ ದೂರು ವಿಭಾಗ, ನಗರ ನ್ಯಾಯಾಲಯದ ಗುಮಾಸ್ತರ ಕಿಟಕಿ, ಸಹಾಯವಾಣಿ: ಒಂದೊಂದರಲ್ಲೂ ಅರ್ಧ ದಿನ ಸುಮ್ಮನೆ ಕೂತು ನೋಡಿ. ಗುತ್ತಿಗೆ ಕಾಗದದ ಮೇಲೆ ದುಭಾಷಿ ಸೇವೆ ಎಲ್ಲ ಕಡೆ ಇರುತ್ತದೆ. ಕೆಡುವುದು ಸಣ್ಣ ಸಣ್ಣ ವಿಷಯಗಳಲ್ಲಿ. ದುಭಾಷಿಗೆ ಕರೆ ಮಾಡುವ ಕೋಡ್ ಮೇಲ್ವಿಚಾರಕರೊಬ್ಬರಿಗೇ ಗೊತ್ತು, ಅವರು ಊಟಕ್ಕೆ ಹೋಗಿದ್ದಾರೆ. ಕೌಂಟರಿನ ಫೋನಿಗೆ ಸ್ಪೀಕರ್ ಇಲ್ಲ, ರಿಸೀವರನ್ನು ಗಾಜಿನ ಕಿಂಡಿಯಲ್ಲಿ ಆಚೆ ಈಚೆ ದಾಟಿಸಬೇಕು. ಸಹಾಯವಾಣಿಯಲ್ಲಿ ‘ಸ್ಪ್ಯಾನಿಷ್‌ಗೆ ಎರಡು ಒತ್ತಿ’ ಎಂಬ ಮಾತು ಒಂದೂವರೆ ನಿಮಿಷದ ಇಂಗ್ಲಿಷ್ ಸ್ವಾಗತ ಮುಗಿದ ಮೇಲೆ ಬರುತ್ತದೆ. ಕರೆಯ ಬಿಲ್ಲು ತನ್ನ ವಿಭಾಗಕ್ಕೆ ಬೀಳುತ್ತದೆಂದು ಗುಮಾಸ್ತ ಹಿಂಜರಿಯುತ್ತಾನೆ. ಇವನ್ನೆಲ್ಲ ಸರಿಪಡಿಸಲು ದೊಡ್ಡ ಹಣ ಬೇಡ, ಯಾರಾದರೂ ಕಣ್ಣಾರೆ ನೋಡಿರಬೇಕು ಅಷ್ಟೆ.

ಎರಡನೇ ತಿಂಗಳು ಪ್ರತಿ ಇಲಾಖೆಯಲ್ಲೂ ಒಬ್ಬರು ಭಾಷಾ ಸಂಯೋಜಕರನ್ನು ಹೆಸರಿಸುವಂತೆ ಮೇಯರ್ ಅಥವಾ ಸಿಟಿ ಮ್ಯಾನೇಜರ್ ಸಹಿಯಲ್ಲೇ ಪತ್ರ ಹೊರಡಿಸಿ. ಉಪನಿರ್ದೇಶಕರ ಮಟ್ಟಕ್ಕಿಂತ ಕೆಳಗಿನವರನ್ನು ಒಪ್ಪಬೇಡಿ, ಹೊಸದಾಗಿ ಸೇರಿದ ಕಿರಿಯ ಸಿಬ್ಬಂದಿಗೆ ಈ ಹೆಸರು ಅಂಟಿಸಿದರೆ ಅವರ ಮಾತು ಯಾರೂ ಕೇಳುವುದಿಲ್ಲ. ಮೂರನೇ ತಿಂಗಳು ಪ್ರತಿ ಇಲಾಖೆಯ ಯೋಜನೆ ಬರೆಸಿ: ಯಾವ ಕೌಂಟರು, ಯಾವ ಭಾಷೆ, ಯಾವ ದಾಖಲೆ, ಎಷ್ಟು ಹಣ, ಯಾವ ದಿನಾಂಕದೊಳಗೆ. ನ್ಯೂಯಾರ್ಕ್ ನಗರದ 2017ರ ಸ್ಥಳೀಯ ಕಾಯ್ದೆ 30 ಸಂಯೋಜಕರನ್ನೂ ಇಂಥ ಯೋಜನೆಯನ್ನೂ ಕಡ್ಡಾಯ ಮಾಡಿದೆ, ಜನಬಳಕೆಯ ಮುಖ್ಯ ದಾಖಲೆಗಳು ಹತ್ತು ಭಾಷೆಗಳಲ್ಲಿರಬೇಕು ಎಂದೂ ಹೇಳಿದೆ. ನಿಮ್ಮ ಕರಡಿಗೆ ಅದು ಒಳ್ಳೆಯ ಮಾದರಿ.

ನ್ಯೂಯಾರ್ಕಿನಲ್ಲಿ ಎಲ್ಲ ಇಲಾಖೆಗೂ ಅನ್ವಯಿಸುವಂತೆ 2008ರಲ್ಲಿ ಮೊದಲು ಬಂದದ್ದು ಮೇಯರ್ ಆದೇಶ, ಕಾಯ್ದೆ ಬಂದದ್ದು ಆಮೇಲೆ. ಮೇಯರ್ ಆದೇಶವನ್ನು ಮುಂದಿನ ಮೇಯರ್ ಒಂದು ಸಹಿಯಿಂದ ತೆಗೆದುಹಾಕಬಹುದು, ಕೌನ್ಸಿಲ್ ಕಾಯ್ದೆಯನ್ನು ತೆಗೆಯುವುದು ಅಷ್ಟು ಸುಲಭವಲ್ಲ. ಫಿಲಡೆಲ್ಫಿಯಾದಲ್ಲಿ 2015ರಲ್ಲಿ ಮತದಾರರು ಭಾಷಾ ಸೇವೆಯ ಹೊಣೆಯನ್ನು ನಗರದ ಮೂಲ ಸನ್ನದಿಗೇ ಸೇರಿಸಿದರು. ನಿಮಗೆ ರಾಜಕೀಯ ಬೆಂಬಲ ಇರುವ ಕಾಲದಲ್ಲೇ ಆದೇಶವನ್ನು ಕಾಯ್ದೆಯಾಗಿಸಿಕೊಳ್ಳಿ.

ಪ್ರಶ್ನೆ: ಯಾವ ಯಾವ ಭಾಷೆಗಳನ್ನು ಆರಿಸಬೇಕು? ನಮ್ಮ ಊರಿನಲ್ಲಿ ಕನ್ನಡದವರು ಎಷ್ಟಿದ್ದಾರೆಂದು ಜನಗಣತಿ ಅಂಕಿಗಳಲ್ಲಿ ಹುಡುಕಿದೆ, ಸಿಗಲಿಲ್ಲ.

ಉತ್ತರ: ಸಿಗದಿರುವುದು ಸಹಜ. ಜನಗಣತಿ ಇಲಾಖೆ ಪ್ರತಿವರ್ಷ ನಡೆಸುವ ಅಮೆರಿಕನ್ ಕಮ್ಯುನಿಟಿ ಸರ್ವೆಯ ವಿವರವಾದ ಭಾಷಾ ಪಟ್ಟಿಯಲ್ಲಿ, ಅಂದರೆ ಬಿ16001ರಲ್ಲಿ, ತಮಿಳಿಗೂ ತೆಲುಗಿಗೂ ಪ್ರತ್ಯೇಕ ಸಾಲಿದೆ. ಕನ್ನಡ ‘ಮಲಯಾಳಂ, ಕನ್ನಡ ಅಥವಾ ಇತರ ದ್ರಾವಿಡ ಭಾಷೆಗಳು’ ಎಂಬ ಒಂದೇ ಸಾಲಿನಲ್ಲಿ ಸೇರಿಹೋಗಿದೆ. ಇನ್ನೂ ಸಂಕ್ಷಿಪ್ತವಾದ ಸಿ16001ರಲ್ಲಿ ಎಲ್ಲ ದ್ರಾವಿಡ ಭಾಷೆಗಳೂ ‘ಇತರ ಏಷ್ಯನ್ ಮತ್ತು ಪೆಸಿಫಿಕ್ ದ್ವೀಪ ಭಾಷೆಗಳು’ ಎಂಬ ಗುಂಪಿನೊಳಗೆ ಹೋಗುತ್ತವೆ, ಹಿಂದಿ ಗುಜರಾತಿಗಳು ‘ಇತರ ಇಂಡೋ-ಯುರೋಪಿಯನ್’ ಗುಂಪಿಗೆ. ಹೀಗಾಗಿ ಗಣತಿ ಪಟ್ಟಿಯೊಂದನ್ನೇ ನಂಬಿ ಭಾಷೆ ಆರಿಸಿದರೆ ಸಣ್ಣ ಸಮುದಾಯಗಳು ಕಣ್ಣಿಗೇ ಬೀಳುವುದಿಲ್ಲ.

ನೋಡಬೇಕಾದ ಅಂಕಿ ಭಾಷೆಯನ್ನು ಮನೆಯಲ್ಲಿ ಆಡುವವರ ಒಟ್ಟು ಸಂಖ್ಯೆಯಲ್ಲ, ಅವರಲ್ಲಿ ‘ಇಂಗ್ಲಿಷ್ ತುಂಬಾ ಚೆನ್ನಾಗಿ ಬರುತ್ತದೆ’ ಎಂಬುದಕ್ಕಿಂತ ಕೆಳಗಿನ ಉತ್ತರ ಕೊಟ್ಟವರ ಸಂಖ್ಯೆ. ಕನ್ನಡ ಮನೆಗಳಲ್ಲಿ ಉದ್ಯೋಗಸ್ಥರಿಗೆ ಇಂಗ್ಲಿಷ್ ಬರುವುದೇ ಹೆಚ್ಚು, ಸಹಾಯ ಬೇಕಾಗುವುದು ಊರಿನಿಂದ ಬಂದು ನೆಲೆಸಿದ ತಂದೆತಾಯಿಗಳಿಗೆ. ಗಣತಿ ಅಂಕಿಯ ಪಕ್ಕದಲ್ಲಿ ಮೂರು ಪಟ್ಟಿ ಇಟ್ಟುಕೊಳ್ಳಿ: ಶಾಲಾ ಜಿಲ್ಲೆಯವರು ಮಕ್ಕಳ ಮನೆಭಾಷೆ ಕೇಳಿ ಬರೆದುಕೊಂಡದ್ದು, ಫೋನ್ ದುಭಾಷಿ ಕಂಪನಿಯ ತಿಂಗಳ ಬಿಲ್ಲಿನಲ್ಲಿ ಭಾಷಾವಾರು ನಿಮಿಷಗಳು, ಆಸ್ಪತ್ರೆ ಮತ್ತು ನ್ಯಾಯಾಲಯದವರ ದುಭಾಷಿ ಕೋರಿಕೆಗಳು.

ಎಷ್ಟು ಜನರಿದ್ದರೆ ಒಂದು ಭಾಷೆಗೆ ಅನುವಾದ ಮಾಡಿಸಬೇಕು ಎಂಬ ಮಿತಿ ಊರಿಂದೂರಿಗೆ ಬೇರೆ. ಕೇಂದ್ರದ ನ್ಯಾಯ ಇಲಾಖೆ 2002ರಲ್ಲಿ ಕೊಟ್ಟ ಮಾರ್ಗದರ್ಶನದಲ್ಲಿ ಬರಹದ ಅನುವಾದಕ್ಕೆ ಹೇಳಿದ ಅಳತೆ, ಸೇವೆ ಪಡೆಯುವವರ ಶೇ. 5 ಅಥವಾ 1,000 ಜನ, ಯಾವುದು ಕಡಿಮೆಯೋ ಅದು. ವಾಷಿಂಗ್ಟನ್ ಡಿ.ಸಿ.ಯ 2004ರ ಕಾಯ್ದೆ ಶೇ. 3 ಅಥವಾ 500ಕ್ಕೆ ಇಳಿಸಿದೆ. ಸ್ಯಾನ್ ಫ್ರಾನ್ಸಿಸ್ಕೊ 10,000 ಇದ್ದದ್ದನ್ನು 2024ರಲ್ಲಿ 6,000ಕ್ಕೆ ಇಳಿಸಿದಾಗ ವಿಯೆಟ್ನಾಮೀಸ್ ಪಟ್ಟಿಗೆ ಸೇರಿತು. ಈ ಮಿತಿಗಳು ಮುಖ್ಯವಾಗಿ ಬರಹದ ದಾಖಲೆಗಳಿಗೆ ಸಂಬಂಧಿಸಿದವು. ಫೋನಿನಲ್ಲಿ ಮಾತಿನ ದುಭಾಷಿಗೆ ಯಾವ ಮಿತಿಯನ್ನೂ ಹಾಕಬೇಡಿ. ಆ ಭಾಷೆಯವರು ಊರಿಗೆ ಒಬ್ಬರೇ ಇದ್ದರೂ ಸೇವೆ ಸಿಗಬೇಕು.

ಪ್ರಶ್ನೆ: ಕೇಂದ್ರ ಸರ್ಕಾರದ ಭಾಷಾ ಆದೇಶ 2025ರಲ್ಲಿ ರದ್ದಾಯಿತಲ್ಲ, ಇನ್ನು ಈ ಸೇವೆ ಕೊಡುವ ಅಗತ್ಯವೇ ಇಲ್ಲ ಎನ್ನುತ್ತಾರೆ ನಮ್ಮ ಬಜೆಟ್ ಅಧಿಕಾರಿ. ನಿಜವೇ?

ಉತ್ತರ: ನಿಜವಲ್ಲ, ಆದರೆ ಅವರ ಮಾತಿಗೆ ಆಧಾರವೇ ಇಲ್ಲ ಎಂದೂ ಹೇಳಲಾಗದು. ಮೂಲ ಇರುವುದು 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆರನೇ ಭಾಗದಲ್ಲಿ: ಕೇಂದ್ರದ ಹಣ ಪಡೆಯುವವರು ರಾಷ್ಟ್ರೀಯ ಮೂಲದ ಆಧಾರದಲ್ಲಿ ತಾರತಮ್ಯ ಮಾಡುವಂತಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಮೂಲದ ವಿದ್ಯಾರ್ಥಿಗಳ ಲಾ ವಿರುದ್ಧ ನಿಕೋಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1974ರಲ್ಲಿ ಇದನ್ನು ಭಾಷೆಗೂ ಅನ್ವಯಿಸಿತು. 2000ದ ಆಗಸ್ಟ್ 11ರಂದು ಬಂದ 13166ನೇ ಅಧ್ಯಕ್ಷೀಯ ಆದೇಶ ಅದನ್ನು ಜಾರಿಗೆ ತರುವ ದಾರಿ ಹೇಳಿತ್ತು. 2025ರ ಮಾರ್ಚ್ 1ರ ಆದೇಶ, ಇಂಗ್ಲಿಷನ್ನು ಅಧಿಕೃತ ಭಾಷೆಯಾಗಿ ಘೋಷಿಸಿ, ಆ ದಾರಿಯನ್ನು ರದ್ದು ಮಾಡಿತು, ಅದರಡಿಯ ಮಾರ್ಗದರ್ಶನಗಳನ್ನು ಹಿಂತೆಗೆದುಕೊಳ್ಳಲು ಸೂಚಿಸಿತು. ಸೇವೆ ನಿಲ್ಲಿಸಿ ಎಂದು ಅದು ಯಾವ ಸಂಸ್ಥೆಗೂ ಹೇಳಲಿಲ್ಲ. ಕಾಂಗ್ರೆಸ್ ಮಾಡಿದ ಕಾಯ್ದೆಯನ್ನು ಅಧ್ಯಕ್ಷರ ಆದೇಶ ರದ್ದು ಮಾಡಲೂ ಆಗದು.

ಸಡಿಲವಾಗಿರುವುದು ಮೇಲಿನಿಂದ ಬರುತ್ತಿದ್ದ ಒತ್ತಡ. ಸುಪ್ರೀಂ ಕೋರ್ಟಿನ 2001ರ ಸ್ಯಾಂಡೊವಲ್ ತೀರ್ಪಿನ ನಂತರ, ಉದ್ದೇಶಪೂರ್ವಕ ತಾರತಮ್ಯವೆಂದು ತೋರಿಸಲಾಗದಿದ್ದರೆ ಸಾಮಾನ್ಯ ನಾಗರಿಕರು ಈ ಭಾಗದಡಿ ದಾವೆ ಹೂಡಲೂ ಆಗದು. ಆದ್ದರಿಂದ ನಿಮ್ಮ ನಗರದ ಸ್ವಂತ ಕಾಯ್ದೆ ಮತ್ತು ಅದರೊಳಗಿನ ದೂರು ವ್ಯವಸ್ಥೆ ಈಗ ಹಿಂದೆಂದಿಗಿಂತ ಮುಖ್ಯ. ವಾಷಿಂಗ್ಟನ್ ಡಿ.ಸಿ.ಯಲ್ಲಿ ಸೇವೆ ಸಿಗದವರು ಮಾನವ ಹಕ್ಕುಗಳ ಕಚೇರಿಗೆ ದೂರು ಕೊಡಬಹುದು, ಅದು ತನಿಖೆ ನಡೆಸುತ್ತದೆ. ನಗರದ ವಕೀಲರಿಂದ ಲಿಖಿತ ಅಭಿಪ್ರಾಯ ಪಡೆದು ಬಜೆಟ್ ಅಧಿಕಾರಿಯ ಮೇಜಿನ ಮೇಲಿಡಿ, ಬಾಯಿಮಾತಿನ ವಾದ ಬೇಡ.

ಪ್ರಶ್ನೆ: ಫೋನ್ ದುಭಾಷಿ ಸೇವೆಗೆ ಟೆಂಡರ್ ಕರೆಯಬೇಕು. ನಿಮಿಷದ ದರ ಕಡಿಮೆ ಇರುವವರನ್ನು ಆರಿಸಿದರೆ ಸಾಕೇ?

ಉತ್ತರ: ಸಾಲದು. ನಿಮಿಷಕ್ಕೆ ಕೆಲವು ಸೆಂಟು ಉಳಿಸಿ, ಮೂರು ನಿಮಿಷ ಕಾಯಿಸುವ ಕಂಪನಿ ಸಿಕ್ಕರೆ ಗುಮಾಸ್ತರು ಕರೆ ಮಾಡುವುದನ್ನೇ ಬಿಡುತ್ತಾರೆ. ‘240 ಭಾಷೆಗಳಲ್ಲಿ ಸೇವೆ’ ಎಂಬಂಥ ಜಾಹೀರಾತಿಗೆ ಮರುಳಾಗದೆ, ನಿಮ್ಮ ಊರಿಗೆ ಬೇಕಾದ ಭಾಷೆಗಳ ಪಟ್ಟಿ ಕೊಟ್ಟು ಒಂದೊಂದಕ್ಕೂ ಕೇಳಿ: ಸಂಪರ್ಕಕ್ಕೆ ಎಷ್ಟು ಸೆಕೆಂಡು? ನೂರು ಕರೆಗಳಲ್ಲಿ ಎಷ್ಟಕ್ಕೆ ದುಭಾಷಿ ಸಿಗಲಿಲ್ಲ? ಮುಂಗಡ ಕಾದಿರಿಸಬೇಕಾದ ಭಾಷೆಗಳು ಯಾವುವು? ಸಿಗದಿದ್ದ ಕರೆಗೆ ದಂಡ ಎಷ್ಟು? ಬಿಲ್ಲು ಇಲಾಖಾವಾರು, ಭಾಷಾವಾರು ಬರಬೇಕೆಂಬುದನ್ನೂ ಗುತ್ತಿಗೆಯಲ್ಲೇ ಬರೆಸಿ.

ದುಭಾಷಿ ಇದ್ದಾಗ ಪ್ರತಿ ಮಾತೂ ಎರಡು ಸಲ ಆಗುವುದರಿಂದ ಹತ್ತು ನಿಮಿಷದ ಕೆಲಸಕ್ಕೆ ಇಪ್ಪತ್ತು ಹಿಡಿಯುತ್ತದೆ. ಗುಮಾಸ್ತರು ದಿನಕ್ಕೆ ಎಷ್ಟು ಜನರನ್ನು ಕಳಿಸಿದರು ಎಂದು ಎಣಿಸುವ ಇಲಾಖೆಯಲ್ಲಿ ಈ ಲೆಕ್ಕವನ್ನು ಸರಿಪಡಿಸದೆ ಹೋದರೆ, ದುಭಾಷಿಗೆ ಕರೆ ಮಾಡುವವರೇ ಸೋಮಾರಿಗಳಂತೆ ಕಾಣುತ್ತಾರೆ. ಸಾರ್ವಜನಿಕ ಸಭೆಯಲ್ಲೂ ಹಾಗೆಯೇ: ಮೂರು ನಿಮಿಷ ಮಾತಾಡಲು ಬಿಟ್ಟರೆ ದುಭಾಷಿಯ ಮೂಲಕ ಮಾತಾಡುವವರಿಗೆ ಆರು ನಿಮಿಷ ಕೊಡಬೇಕು. ಕ್ಯಾಲಿಫೋರ್ನಿಯಾದಲ್ಲಿ ಇದು ಕಾನೂನೇ ಆಗಿದೆ. ಸಭೆಯಲ್ಲಿ ಏಕಕಾಲಕ್ಕೆ ಕಿವಿಯಲ್ಲಿ ಅನುವಾದ ಬೇಕಾದರೆ ಭಾಷೆಗೆ ಇಬ್ಬರಂತೆ ಗೊತ್ತುಮಾಡಿ. ಇಪ್ಪತ್ತು-ಮೂವತ್ತು ನಿಮಿಷಕ್ಕೊಮ್ಮೆ ಬದಲಾಗದಿದ್ದರೆ ದಣಿವಿನಿಂದ ತಪ್ಪು ನುಸುಳುತ್ತದೆ.

ತಪ್ಪು ಭಾಷೆಯ ದುಭಾಷಿಯನ್ನು ಕರೆಯುವುದು ಬಹಳ ಸಾಮಾನ್ಯ, ಅದರ ನೋವು ಮಾತ್ರ ಯಾವ ವರದಿಯಲ್ಲೂ ಕಾಣುವುದಿಲ್ಲ. ಗ್ವಾಟೆಮಾಲಾದಿಂದ ಬಂದವರನ್ನು ‘ಸ್ಪ್ಯಾನಿಷ್’ ಎಂದು ಬರೆದುಬಿಡುತ್ತಾರೆ. ಅವರ ಭಾಷೆ ಅಲ್ಲಿನ ಮೂಲನಿವಾಸಿ ಮಾಯಾ ಜನರ ಮಾಮ್ ಅಥವಾ ಕಿಚೆ ಆಗಿರಬಹುದು, ಅವರು ಸಂಕೋಚದಿಂದ ತಲೆಯಾಡಿಸುತ್ತಾರೆ, ಅರ್ಥವಾದದ್ದು ಅರ್ಧ. ಹೈಟಿಯವರಿಗೆ ಫ್ರೆಂಚ್ ದುಭಾಷಿ ಕೊಟ್ಟರೆ ಕ್ರಿಯೋಲ್ ಆಡುವವರಿಗೆ ಉಪಯೋಗವಿಲ್ಲ. ‘ಚೀನೀ’ ಎಂದರೆ ಮಾತಿಗೆ ಮ್ಯಾಂಡರಿನ್ನೋ ಕ್ಯಾಂಟೊನೀಸೋ ಕೇಳಬೇಕು, ಬರಹಕ್ಕೆ ಸರಳ ಲಿಪಿಯೋ ಸಾಂಪ್ರದಾಯಿಕ ಲಿಪಿಯೋ ಕೇಳಬೇಕು. ಭಾರತದವರೆಂದ ಕೂಡಲೇ ಹಿಂದಿ ದುಭಾಷಿಯನ್ನು ಕರೆಯುವುದೂ ಇದೇ ತಪ್ಪು. ಹಾಸನದ ಅಜ್ಜಿಗೆ ಅದರಿಂದ ಏನು ಸಹಾಯವಾದೀತು? ‘ನಿಮ್ಮ ಮನೆಯಲ್ಲಿ ಯಾವ ಭಾಷೆ? ಯಾವ ಊರಿನವರು?’ ಎಂದು ಎರಡು ಪ್ರಶ್ನೆ ಕೇಳುವುದನ್ನು ಗುಮಾಸ್ತರಿಗೆ ಕಲಿಸಿ. ಮಾಮ್‌ನಂಥ ಭಾಷೆಗಳಿಗೆ ನೇರ ಇಂಗ್ಲಿಷ್ ಬಲ್ಲವರು ಸಿಗದಿದ್ದರೆ ಮಾಮ್‌ನಿಂದ ಸ್ಪ್ಯಾನಿಷ್‌ಗೆ ಒಬ್ಬರು, ಸ್ಪ್ಯಾನಿಷ್‌ನಿಂದ ಇಂಗ್ಲಿಷ್‌ಗೆ ಇನ್ನೊಬ್ಬರು ಬೇಕು. ಅದಕ್ಕೆ ಗುತ್ತಿಗೆಯಲ್ಲಿ ಮೊದಲೇ ಅವಕಾಶ ಇಟ್ಟಿರಿ.

ಪ್ರಶ್ನೆ: ನಗರದ ಸೂಚನಾ ಪತ್ರಗಳನ್ನು ಕನ್ನಡವೂ ಸೇರಿದಂತೆ ಎಂಟು ಭಾಷೆಗಳಿಗೆ ಮಾಡಿಸುತ್ತಿದ್ದೇವೆ. ಯಂತ್ರಾನುವಾದ ಬಳಸಬಹುದೇ? ಮುದ್ರಣಕ್ಕೆ ಹೋದ ಮೇಲೆ ಕನ್ನಡದ ಅಕ್ಷರಗಳು ಒಡೆದುಹೋದವು, ಏಕೆ?

ಉತ್ತರ: ಅನುವಾದಕ್ಕೆ ಕೊಡುವ ಮುಂಚೆ ಇಂಗ್ಲಿಷ್ ಪ್ರತಿಯನ್ನೇ ತಿದ್ದಿ. ನಲವತ್ತು ಪದಗಳ ವಾಕ್ಯವನ್ನು ಎಂಟು ಭಾಷೆಗೆ ಮಾಡಿಸಿದರೆ ಎಂಟು ಅರ್ಥವಾಗದ ವಾಕ್ಯಗಳು ಸಿಗುತ್ತವೆ. ಒಂದು ಸೂಚನೆಯಲ್ಲಿ ಓದುಗರಿಗೆ ಬೇಕಾದದ್ದು ನಾಲ್ಕು ವಿಷಯ: ಏನಾಗಿದೆ, ನಾನು ಏನು ಮಾಡಬೇಕು, ಯಾವ ದಿನದೊಳಗೆ, ಯಾರನ್ನು ಕೇಳಬೇಕು.

ಒಬ್ಬ ಅನುವಾದಕರು ದಿನಕ್ಕೆ 2,000ದಿಂದ 2,500 ಪದ ಮಾಡಬಲ್ಲರು. ಆಮೇಲೆ ಬೇರೊಬ್ಬರು ತಿದ್ದಬೇಕು, ಪುಟ ಕಟ್ಟಬೇಕು, ಕಟ್ಟಿದ ಪುಟವನ್ನು ಮತ್ತೆ ಆ ಭಾಷೆಯವರೇ ಓದಬೇಕು. ನಾಲ್ಕು ಪುಟಕ್ಕೂ ಒಂದು ವಾರ ಬೇಕು. ನಗರ ಬಳಸುವ ನೂರು ಮುಖ್ಯ ಪದಗಳ ಪದಕೋಶ ಮೊದಲೇ ಮಾಡಿಸಿಕೊಂಡರೆ ‘ವಿಚಾರಣೆ’, ‘ಮೇಲ್ಮನವಿ’ಯಂಥವು ಇಲಾಖೆಗೊಂದು ರೂಪ ತಾಳುವುದಿಲ್ಲ. ಅನುವಾದ ಕಂಪನಿ ಉಳಿಸಿಕೊಳ್ಳುವ ಹಳೆಯ ಅನುವಾದಗಳ ಭಂಡಾರ ನಗರದ ಸ್ವತ್ತು ಎಂದು ಗುತ್ತಿಗೆಯಲ್ಲಿ ಬರೆಸಿ. ಇಲ್ಲವಾದರೆ ಗುತ್ತಿಗೆ ಬದಲಾದಾಗ ಅದೇ ವಾಕ್ಯಕ್ಕೆ ಮತ್ತೆ ಹಣ ತೆರಬೇಕು.

ಯಂತ್ರಾನುವಾದವನ್ನು ಕರಡಿಗೆ ಬಳಸಬಹುದು. ಯಾರ ಕಣ್ಣೂ ಹಾಯದೆ ಅದನ್ನು ಹೊರಗೆ ಬಿಡಬಾರದು. ‘ಅಲ್ಲ’ ಬಿಟ್ಟುಹೋಗುವುದು, 03/04 ಎಂಬ ದಿನಾಂಕ ಮಾರ್ಚೋ ಏಪ್ರಿಲ್ಲೋ ತಿಳಿಯದಿರುವುದು, ಬೀದಿಯ ಹೆಸರನ್ನೂ ಅನುವಾದಿಸಿಬಿಡುವುದು ನಿತ್ಯದ ತಪ್ಪುಗಳು. ಕೇಂದ್ರದ ಆರೋಗ್ಯ ಸೇವಾ ಕಾಯ್ದೆಯ (ಅಫೋರ್ಡಬಲ್ ಕೇರ್ ಆ್ಯಕ್ಟ್) 1557ನೇ ವಿಧಿಯ 2024ರ ನಿಯಮ, ಹಕ್ಕು ಮತ್ತು ಸೌಲಭ್ಯಕ್ಕೆ ಮುಖ್ಯವಾದ ಬರಹವನ್ನು ಯಂತ್ರ ಅನುವಾದಿಸಿದರೆ ಅರ್ಹ ಅನುವಾದಕರು ಪರಿಶೀಲಿಸಲೇಬೇಕು ಎನ್ನುತ್ತದೆ. ಆ ಅಳತೆಯನ್ನೇ ಎಲ್ಲ ಇಲಾಖೆಗೂ ಇಟ್ಟುಕೊಳ್ಳಿ. ವೆಬ್‌ಸೈಟಿನ ಅನುವಾದ ಗುಂಡಿಯಿಂದ ಕೆಲಸ ಮುಗಿಯಿತೆಂದು ಬಹಳ ನಗರಗಳು ಭಾವಿಸುತ್ತವೆ. ಅದು ಪಿಡಿಎಫ್ ಅರ್ಜಿಯನ್ನೂ ಚಿತ್ರದೊಳಗಿನ ಬರಹವನ್ನೂ ಮುಟ್ಟುವುದಿಲ್ಲ. ಆ ಗುಂಡಿಯ ಮೇಲಿನ ಬರಹವೇ ಎಷ್ಟೋ ಕಡೆ ಇಂಗ್ಲಿಷಿನಲ್ಲಿರುತ್ತದೆ.

ಅಕ್ಷರ ಒಡೆಯಲು ಕಾರಣ ಪುಟ ಕಟ್ಟುವ ತಂತ್ರಾಂಶ. ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿಗಳಿಗೆ ‘ವರ್ಲ್ಡ್-ರೆಡಿ ಕಂಪೋಸರ್’ ಎಂಬ ಆಯ್ಕೆ ಹಾಕದಿದ್ದರೆ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲಿ ನಿಲ್ಲುತ್ತದೆ, ಗುಣಿತದ ಚಿಹ್ನೆಗಳು ಸ್ಥಾನ ತಪ್ಪುತ್ತವೆ. ವಿನ್ಯಾಸಕಾರರಿಗೆ ಕನ್ನಡ ಓದಲು ಬಾರದಿದ್ದರೆ ತಪ್ಪಾಗಿದೆಯೆಂದೇ ತಿಳಿಯದು. ಅನುವಾದಕರು ಯುನಿಕೋಡ್‌ನಲ್ಲೇ ಕೊಡಬೇಕು. ಹಳೆಯ ಆಸ್ಕಿ ಫಾಂಟಿನಲ್ಲಿ ಕೊಟ್ಟದ್ದು ವೆಬ್ ಪುಟಕ್ಕೆ ಹಾಕಿದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳಾಗುತ್ತದೆ. ಉರ್ದು, ಅರೇಬಿಕ್ ಅರ್ಜಿಗಳಲ್ಲಿ ಬರಹದ ಜೊತೆಗೆ ಇಡೀ ಪುಟದ ವಿನ್ಯಾಸವೂ ಬಲದಿಂದ ಎಡಕ್ಕೆ ತಿರುಗಬೇಕು. ಸ್ಪ್ಯಾನಿಷ್ ಇಂಗ್ಲಿಷಿಗಿಂತ ಉದ್ದವಾಗುತ್ತದೆ, ಪೆಟ್ಟಿಗೆಗಳಲ್ಲಿ ಜಾಗ ಬಿಟ್ಟಿರಿ.

ಪ್ರಶ್ನೆ: ಜೊತೆಗೆ ಬಂದ ಮಗನೋ ಮೊಮ್ಮಗಳೋ ಇಂಗ್ಲಿಷ್ ಬಲ್ಲರೆ ಅವರಿಂದಲೇ ಹೇಳಿಸಿದರೆ ಏನು ತಪ್ಪು?

ಉತ್ತರ: ‘ಕಸದ ಗಾಡಿ ಯಾವ ದಿನ ಬರುತ್ತದೆ’ ಎಂಬಂಥ ಪ್ರಶ್ನೆಗೆ ತಪ್ಪಿಲ್ಲ. ರೋಗ, ಹಣ, ಪೊಲೀಸ್, ಮನೆ ತೆರವು, ಮನೆಯೊಳಗಿನ ಹಿಂಸೆ ಇರುವ ಕಡೆ ಬೇಡವೇ ಬೇಡ. ಹನ್ನೆರಡು ವರ್ಷದ ಮಗಳು ತಾಯಿಯ ಕಾಯಿಲೆಯ ಸುದ್ದಿಯನ್ನು ತನ್ನ ಬಾಯಿಂದ ಹೇಳಬೇಕಾಗುವುದು ಕ್ರೌರ್ಯ. ಹೊಡೆಯುವ ಗಂಡನೇ ಅನುವಾದಕನಾದರೆ ಹೆಂಡತಿಯ ಮಾತು ಆಚೆಗೆ ತಲುಪುವುದಿಲ್ಲ. ಮೇಲೆ ಹೇಳಿದ ಆರೋಗ್ಯ ನಿಯಮವೂ ತುರ್ತು ಸಂದರ್ಭ ಬಿಟ್ಟರೆ ಮಕ್ಕಳನ್ನು ದುಭಾಷಿಯಾಗಿ ಬಳಸುವುದನ್ನು ತಡೆದಿದೆ. ನಗರದ ದ್ವಿಭಾಷಿ ಸಿಬ್ಬಂದಿಯನ್ನೂ ಪರೀಕ್ಷೆ ಮಾಡದೆ, ಹೆಚ್ಚುವರಿ ಭತ್ಯೆ ಕೊಡದೆ ದುಭಾಷಿ ಕೆಲಸಕ್ಕೆ ಎಳೆಯಬೇಡಿ. ಅವರ ಸ್ವಂತ ಕೆಲಸ ಹಾಗೇ ಉಳಿಯುತ್ತದೆ, ಮನಸ್ತಾಪ ಬೆಳೆಯುತ್ತದೆ.

ಪ್ರಶ್ನೆ: ವಲಸೆ ಅಧಿಕಾರಿಗಳಿಗೆ ಮಾಹಿತಿ ಹೋಗುತ್ತದೆಂಬ ಭಯದಿಂದ ಜನ ನಮ್ಮ ಕಚೇರಿಗೆ ಬರುತ್ತಿಲ್ಲ. ಅವರಿಗೆ ಭರವಸೆ ಕೊಡುವುದು ಹೇಗೆ?

ಉತ್ತರ: ಉಳಿಸಿಕೊಳ್ಳಲಾಗದ ಭರವಸೆ ಕೊಡಬೇಡಿ. ವಲಸೆ ಸ್ಥಿತಿಯ ಮಾಹಿತಿಯನ್ನು ಕೇಂದ್ರದೊಡನೆ ಹಂಚಿಕೊಳ್ಳುವುದಕ್ಕೆ ಅಡ್ಡಿ ಮಾಡಬಾರದು ಎಂಬ ಕೇಂದ್ರ ಕಾನೂನು ಇದೆ, ಸಂಹಿತೆಯ 8ನೇ ಶೀರ್ಷಿಕೆಯ 1373ನೇ ವಿಧಿ. ಆದರೆ ಅಂಥ ಮಾಹಿತಿ ಸಂಗ್ರಹಿಸಲೇಬೇಕು ಎಂದು ಅದು ಹೇಳುವುದಿಲ್ಲ. ಬೇಕಿಲ್ಲದ ಕಡೆ ಕೇಳದಿರುವುದೇ ಗಟ್ಟಿಯಾದ ರಕ್ಷಣೆ. ನ್ಯೂಯಾರ್ಕ್ ನಗರದ ಮೇಯರ್ 2003ರಲ್ಲಿ ಹೊರಡಿಸಿದ 41ನೇ ಆದೇಶ ಈ ತತ್ವದ ಮೇಲೆ ನಿಂತಿದೆ.

ಪ್ರತಿ ಇಲಾಖೆಯ ಅರ್ಜಿ ತರಿಸಿ, ಜನ್ಮದೇಶ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ಪಾಸ್‌ಪೋರ್ಟ್ ಕಾಲಂಗಳ ಪಕ್ಕದಲ್ಲಿ ‘ಯಾವ ಕಾನೂನಿನಡಿ ಬೇಕು?’ ಎಂದು ಬರೆದು ವಾಪಸು ಕಳಿಸಿ. ಉತ್ತರ ಬಾರದ ಕಾಲಂ ತೆಗೆಸಿ. ಕೇಂದ್ರದ ಕೆಲವು ಸೌಲಭ್ಯಗಳಿಗೆ ಅರ್ಹತೆ ಪರಿಶೀಲಿಸಲೇಬೇಕು, ಅಲ್ಲಿ ಮುಚ್ಚುಮರೆ ಇಲ್ಲದೆ ಮೊದಲೇ ಹೇಳಬೇಕು. ಶಿಬಿರಗಳಲ್ಲಿ ಇಡುವ ಹಾಜರಿ ಪುಸ್ತಕ, ಪ್ರತಿ ತೆಗೆದ ಗುರುತಿನ ಚೀಟಿಗಳು, ಕರೆಗಳ ಧ್ವನಿಮುದ್ರಣ ಎಷ್ಟು ಕಾಲ ಉಳಿಯುತ್ತವೆ ಎಂದೂ ನೋಡಿ. ನ್ಯೂಯಾರ್ಕ್ 2015ರಲ್ಲಿ ನಗರ ಗುರುತಿನ ಚೀಟಿ ಆರಂಭಿಸಿ ಅರ್ಜಿದಾರರ ದಾಖಲೆ ಪ್ರತಿಗಳನ್ನು ಇಟ್ಟುಕೊಂಡಿತ್ತು. 2016ರ ಕೊನೆಗೆ ಅಳಿಸಲು ಹೊರಟಾಗ ವಿಷಯ ನ್ಯಾಯಾಲಯಕ್ಕೆ ಹೋಯಿತು. ಪ್ರತಿಯನ್ನೇ ಇಟ್ಟುಕೊಳ್ಳದೆ, ನೋಡಿ ಹಿಂತಿರುಗಿಸುವ ಪದ್ಧತಿ ಮೇಲು.

ಪ್ರಶ್ನೆ: ಗ್ರೀನ್ ಕಾರ್ಡ್, ಪೌರತ್ವದ ಅರ್ಜಿ ತುಂಬಿಕೊಡಿ ಎಂದು ಬರುವವರಿಗೆ ನಮ್ಮ ಸಿಬ್ಬಂದಿ ಸಹಾಯ ಮಾಡಬಹುದೇ?

ಉತ್ತರ: ಯಾವ ಅರ್ಜಿ ಹಾಕಬೇಕು, ಯಾವ ಪ್ರಶ್ನೆಗೆ ಏನು ಬರೆಯಬೇಕು ಎಂದು ಹೇಳುವುದು ಕಾನೂನು ಸಲಹೆ. ಅದನ್ನು ವಕೀಲರು, ಇಲ್ಲವೇ ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಸಂಸ್ಥೆಯ ಅಧಿಕೃತ ಪ್ರತಿನಿಧಿಗಳು ಮಾತ್ರ ಕೊಡಬಹುದು. ಹಳೆಯ ಬಂಧನವೊಂದನ್ನು ತಪ್ಪಾಗಿ ನಮೂದಿಸಿದ ಪೌರತ್ವದ ಅರ್ಜಿ ಗಡೀಪಾರಿನವರೆಗೂ ಒಯ್ಯಬಹುದು. ನಿಮ್ಮ ಸಿಬ್ಬಂದಿ ಸಾಮಾನ್ಯ ಮಾಹಿತಿ ಕೊಡಲಿ, ಮಾನ್ಯತೆ ಪಡೆದ ಸಂಸ್ಥೆಗೆ ಎದುರಿಗೇ ಫೋನ್ ಮಾಡಿ ದಿನ ಗೊತ್ತುಮಾಡಲಿ. ಬರೀ ವಿಳಾಸದ ಚೀಟಿ ಕೊಟ್ಟು ಕಳಿಸಿದರೆ ಎಷ್ಟೋ ಜನ ದಾರಿಯಲ್ಲೇ ವಕೀಲರಂತೆ ನಟಿಸುವ ಮೋಸದ ನೋಟರಿ ಅಂಗಡಿಗೆ ಹೋಗುತ್ತಾರೆ.

ಪ್ರಶ್ನೆ: ನಮ್ಮ ತಾಯಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಪೌರತ್ವ ಪಡೆಯಬಹುದೇ?

ಉತ್ತರ: ಅರ್ಜಿ ಹಾಕುವ ದಿನಕ್ಕೆ 50 ವರ್ಷ ತುಂಬಿ ಖಾಯಂ ನಿವಾಸಿಯಾಗಿ 20 ವರ್ಷ ಆಗಿದ್ದರೆ, ಅಥವಾ 55 ತುಂಬಿ 15 ವರ್ಷ ಆಗಿದ್ದರೆ, ಇಂಗ್ಲಿಷ್ ಪರೀಕ್ಷೆಯಿಂದ ವಿನಾಯಿತಿ ಇದೆ. ಅಮೆರಿಕದ ಇತಿಹಾಸ, ಆಡಳಿತ ಕುರಿತ ಪೌರನೀತಿ ಪರೀಕ್ಷೆ ಇದ್ದೇ ಇರುತ್ತದೆ, ಅದನ್ನು ಕನ್ನಡದಲ್ಲೇ ಕೊಡಬಹುದು. ದುಭಾಷಿಯನ್ನು ನೀವೇ ಕರೆದೊಯ್ಯಬೇಕು. 65 ತುಂಬಿ 20 ವರ್ಷ ಆದವರಿಗೆ ಆ ಪರೀಕ್ಷೆಯೂ ಸುಲಭ. ವಯಸ್ಸು ತುಂಬಲು ಒಂದು ವಾರ ಇರುವಾಗಲೇ ಅವಸರದಿಂದ ಅರ್ಜಿ ಹಾಕಿ ವಿನಾಯಿತಿ ಕಳೆದುಕೊಳ್ಳಬೇಡಿ.

ಪ್ರಶ್ನೆ: ಮುಂದಿನ ವರ್ಷ ನಮ್ಮ ಬಜೆಟ್ ಮೂರನೇ ಒಂದು ಭಾಗ ಕಡಿತವಾಗಲಿದೆ. ಯಾವುದನ್ನು ಬಿಡುವುದು, ಯಾವುದನ್ನು ಉಳಿಸುವುದು?

ಉತ್ತರ: ಫೋನ್ ದುಭಾಷಿಯನ್ನು ಮುಟ್ಟಬೇಡಿ. ಅದರ ಹಣ ಆಯಾ ಇಲಾಖೆಯ ಬಜೆಟ್‌ನಲ್ಲೇ ಇದ್ದರೆ ನಿಮ್ಮ ಕಡಿತ ಅದನ್ನು ತಾಕುವುದೂ ಇಲ್ಲ. ಹಕ್ಕು ಅಥವಾ ಸೌಲಭ್ಯ ಕೈತಪ್ಪುವ ಪತ್ರಗಳ ಅನುವಾದ ಉಳಿಯಲಿ: ನೀರು ಕಡಿತದ ಎಚ್ಚರಿಕೆ, ಅರ್ಜಿ ತಿರಸ್ಕಾರ, ವಿಚಾರಣೆಯ ದಿನಾಂಕ, ತೆರವು ನೋಟಿಸು. ಬಣ್ಣದ ಸುದ್ದಿಪತ್ರ, ಹಬ್ಬದ ಮೇಳ, ಯಾರೂ ತೆರೆಯದ ಅನುವಾದಿತ ವೆಬ್ ಪುಟಗಳು ಹೋಗಲಿ.

ಸಹಾಯವಾಣಿಗೆ ಸಾಮಾನ್ಯ ಗ್ರಾಹಕರಂತೆ ಬೇರೆ ಬೇರೆ ಭಾಷೆಯಲ್ಲಿ ಕರೆ ಮಾಡಿ ಪರೀಕ್ಷಿಸುವ ಕೆಲಸವನ್ನಂತೂ ನಿಲ್ಲಿಸಬೇಡಿ, ಅದಕ್ಕೆ ಖರ್ಚು ಹೆಚ್ಚಿಲ್ಲ. ಕರೆಯ ದಿನ, ಭಾಷೆ, ಕಾದ ಸಮಯ, ಸಿಕ್ಕ ಉತ್ತರ ಎಂಬ ನಾಲ್ಕು ಕಾಲಂ ಸಾಕು. ಅದರ ಪಕ್ಕದಲ್ಲಿ ಇಲಾಖಾವಾರು ದುಭಾಷಿ ನಿಮಿಷಗಳನ್ನು ಇಟ್ಟು ಕೌನ್ಸಿಲ್‌ಗೆ ತೋರಿಸಿ. ಇಂಗ್ಲಿಷ್ ಬಾರದವರು ಸಾವಿರಾರು ಜನರಿರುವ ಊರಿನಲ್ಲಿ ಯಾವುದಾದರೂ ಇಲಾಖೆಯ ಮುಂದೆ ಇಡೀ ವರ್ಷಕ್ಕೆ ಸೊನ್ನೆ ನಿಮಿಷ ಎಂದಿದ್ದರೆ, ಆ ಇಲಾಖೆಯ ಮುಖ್ಯಸ್ಥರನ್ನು ಬಜೆಟ್ ಸಭೆಗೆ ಕರೆಸಿ ಕಾರಣ ಕೇಳುವಂತೆ ಸದಸ್ಯರಿಗೆ ಹೇಳಿ.